ನಿಪ್ಪಲ್ ಪಕ್ಕದ ಸ್ಕ್ರೂ ಏಕೆ?

ನಿಮ್ಮ ಕೇಪಿನ ಪಿಸ್ತೂಲಿನಲ್ಲಿ (ಬಡಿದರೆ ಕಿಡಿ ಹಾರಿಸುವ ಕೇಪ್ ಎಂಬ ಪುಟ್ಟ ಟೋಪಿಯಿಂದ ಮದ್ದು ಹೊತ್ತಿಸುವ ಹಳೆಯ ಪಿಸ್ತೂಲು) ನಿಪ್ಪಲ್, ಅಂದರೆ ಕೇಪ್ ಕೂರಿಸುವ ಸಣ್ಣ ತೂತಿನ ಕೊಳವೆ, ಕೂತಿರುವ ಉಬ್ಬಿನ ಬದಿಗೆ ಏನನ್ನೂ ಹಿಡಿದಿಡದ ಒಂದು ಗಿಡ್ಡ ಸ್ಕ್ರೂ ಏಕಿದೆ ಎಂದು ಕೇಳಿದ್ದೀರಿ. ಅದು ತಯಾರಿಕೆಯ ಅಗತ್ಯ. ಕೇಪಿನ ಕಿಡಿ ನಿಪ್ಪಲ್‌ನಿಂದ ಕೆಳಗಿಳಿದು, ಅಡ್ಡಕ್ಕೆ ತಿರುಗಿ ನಳಿಗೆಯ ಮದ್ದನ್ನು ಮುಟ್ಟಬೇಕು. ಡ್ರಿಲ್ ನೇರಕ್ಕೆ ಮಾತ್ರ ಕೊರೆಯುತ್ತದೆ, ತಿರುವು ತೆಗೆದುಕೊಳ್ಳದು. ಹಾಗಾಗಿ ಮೇಲಿನಿಂದೊಂದು, ಉಬ್ಬಿನ ಹೊರಬದಿಯಿಂದ ನಳಿಗೆಯವರೆಗೆ ಇನ್ನೊಂದು ತೂತು ಕೊರೆದು ಒಳಗೆ ಕೂಡಿಸುತ್ತಿದ್ದರು. ಹೊರಗೆ ಉಳಿದ ತೂತಿನ ಬಾಯಿಗೆ ತಿರುಪಿನ ಗೆರೆ ಕೊರೆದು ಈ ಸ್ಕ್ರೂ ಬಿಗಿದರು. ಮಸಿ ಕಟ್ಟಿದರೆ ತಂತಿ ತೂರಿಸಲು ಅದೇ ದಾರಿಯಾಯಿತು, ಆದರೆ ಅದು ಆಮೇಲಿನ ಲಾಭ.

ದಯವಿಟ್ಟು ಆತುರಪಟ್ಟು ಬಿಚ್ಚಬೇಡಿ. ಮದ್ದು ತುಂಬಿಯೇ ಉಳಿದ ಹಳೆಯ ಪಿಸ್ತೂಲುಗಳು ಅಪರೂಪವಲ್ಲ. ನಳಿಗೆಯ ಬಾಯಿಯನ್ನು ಬೇರೆಡೆಗೆ ತಿರುಗಿಸಿ, ಪಕ್ಕದಲ್ಲೇ ನಿಂತು ಅದರೊಳಗೆ ಮರದ ಕಡ್ಡಿ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಆ ಕಡ್ಡಿಯನ್ನು ನಳಿಗೆಯ ಹೊರಮೈಗೆ ಹಿಡಿದು ಅಳೆಯಿರಿ. ಕಡ್ಡಿ ನಿಪ್ಪಲ್‌ನ ನೇರಕ್ಕಿಂತ ಒಂದೆರಡು ಅಂಗುಲ ಮೊದಲೇ ನಿಂತರೆ ಒಳಗೆ ಮದ್ದು, ಗುಂಡು ಇವೆ ಎಂದೇ ತಿಳಿದು, ಬಲ್ಲ ಕೋವಿ ಕೆಲಸಗಾರರಿಗೆ ಒಪ್ಪಿಸಿ. ಖಾಲಿಯಿದ್ದರೂ ತುಕ್ಕು ಹಿಡಿದ ಸ್ಕ್ರೂಗೆ ಕೆಲವು ದಿನ ಎಣ್ಣೆ ಬಿಡಿ. ಸೀಳಿನ ಅಗಲಕ್ಕೆ ಸರಿಹೊಂದದ ಸ್ಕ್ರೂಡ್ರೈವರ್ ಹಾಕಿದರೆ ತಲೆ ಕಿತ್ತುಬರುತ್ತದೆ.