ಮೂಡಲ್ ಬಳಕೆಯ ತರಬೇತಿಯನ್ನು ಅಧ್ಯಾಪಕರಿಗೆ ಹೇಗೆ ಕೊಡಬೇಕು?

ಆನ್‌ಲೈನಿನಲ್ಲಿ ಪಾಠ, ಪರೀಕ್ಷೆಗಳನ್ನು ನಡೆಸುವ ತಂತ್ರಾಂಶವಾದ ಮೂಡಲ್‌ನಲ್ಲಿ (Moodle) ಮೊದಲು ಅಧ್ಯಾಪಕರನ್ನೇ ವಿದ್ಯಾರ್ಥಿಗಳಾಗಿ ನೋಂದಾಯಿಸಿ, ಅವರು ಪಾಠ ಓದಿ, ಅಸೈನ್‌ಮೆಂಟ್ ಸಲ್ಲಿಸಿ, ಕ್ವಿಜ್ ಬರೆಯುವಂತೆ ಮಾಡುವುದು ಒಳ್ಳೆಯದು. ಮೆನುಗಳ ಪರಿಚಯ ಆಮೇಲಾದರೂ ಸಾಕು. 2002ರಲ್ಲಿ ಬಿಡುಗಡೆಯಾದ ಈ ಮುಕ್ತ ತಂತ್ರಾಂಶದಲ್ಲಿ ಗೊಂದಲ ಹುಟ್ಟುವುದು ಹೆಚ್ಚಾಗಿ ಸೆಟ್ಟಿಂಗ್‌ಗಳಲ್ಲಿ. ಉದಾಹರಣೆಗೆ, ಅಸೈನ್‌ಮೆಂಟಿಗೆ ‘ಡ್ಯೂ ಡೇಟ್’ ಮಾತ್ರ ಕೊಟ್ಟರೆ ಆ ದಿನ ಕಳೆದ ಮೇಲೂ ವಿದ್ಯಾರ್ಥಿಗಳು ಸಲ್ಲಿಸಬಹುದು, ತಡವಾಗಿದೆ ಎಂಬ ಗುರುತಷ್ಟೇ ಬೀಳುತ್ತದೆ; ಸಲ್ಲಿಕೆಯನ್ನು ಪೂರ್ತಿಯಾಗಿ ತಡೆಯಲು ‘ಕಟ್-ಆಫ್ ಡೇಟ್’ ನಮೂದಿಸಬೇಕು. ಇಂಥದ್ದನ್ನು ಸ್ಲೈಡಿನಲ್ಲಿ ತೋರಿಸಿದರೆ (ಬಹುಪಾಲು ಕಾರ್ಯಾಗಾರಗಳು ಮಾಡುವುದು ಅಷ್ಟನ್ನೇ) ನೆನಪಿನಲ್ಲಿ ಉಳಿಯುವುದಿಲ್ಲ. ಆದ್ದರಿಂದ ಪ್ರತಿಯೊಬ್ಬರಿಗೂ ಪ್ರಯೋಗಕ್ಕೆಂದೇ ಒಂದು ಖಾಲಿ ಕೋರ್ಸ್ ಕೊಟ್ಟು, ತಮ್ಮದೇ ವಿಷಯದ ಒಂದು ಘಟಕವನ್ನು ಅದರಲ್ಲಿ ಸಿದ್ಧಪಡಿಸಲು ಹೇಳಿ, ಅದು ವಿದ್ಯಾರ್ಥಿಗೆ ಹೇಗೆ ಕಾಣುತ್ತದೆ ಎಂಬುದನ್ನು ‘ಸ್ವಿಚ್ ರೋಲ್’ ಸೌಲಭ್ಯದ ಮೂಲಕ ಅವರೇ ಪರೀಕ್ಷಿಸುವಂತೆ ಮಾಡಬೇಕು. ಮೊಬೈಲಿನಲ್ಲಿಯೂ ಒಮ್ಮೆ ತೆರೆದು ನೋಡಲಿ.