ಪ್ರವಾಸಿಗರ ಪರಿಸರಸ್ನೇಹಿ ನಡವಳಿಕೆಯನ್ನು ಭಾವನೆಗಳು ಬದಲಿಸಬಲ್ಲವೇ?

ಮನೆಯಲ್ಲಿ ಹಸಿಕಸ, ಒಣಕಸ ಬೇರ್ಪಡಿಸುವವರೇ ಪ್ರವಾಸಕ್ಕೆ ಹೋದಾಗ ಏಕೆ ಬೇಕಾಬಿಟ್ಟಿ ನಡೆದುಕೊಳ್ಳುತ್ತಾರೆ, ಅವರ ಭಾವನೆಗಳನ್ನು ತಟ್ಟಿದರೆ ಸರಿಹೋಗುತ್ತಾರೆಯೇ ಎಂದು ತಾವು ಕೇಳಿದ್ದೀರಿ. ಪದವಿ ತರಗತಿಗಳಿಗೆ ಪ್ರವಾಸೋದ್ಯಮವನ್ನು ಬೋಧಿಸುವ ನನ್ನ ಅಭಿಪ್ರಾಯ ಇಷ್ಟು: ಭಾವನೆಗಳಿಗೆ ಆ ಶಕ್ತಿ ಇದೆ, ಆದರೆ ನಮ್ಮ ಸೂಚನಾ ಫಲಕಗಳು ನೆಚ್ಚಿಕೊಂಡಿರುವ ತಪ್ಪಿತಸ್ಥ ಭಾವಕ್ಕೆ ಅದು ತೀರ ಕಡಿಮೆ.

ಮುಳ್ಳಯ್ಯನಗಿರಿಯ ಮೆಟ್ಟಿಲುಗಳ ಬಳಿ ಸ್ವಲ್ಪ ಹೊತ್ತು ನಿಂತು ನೋಡಿ. ಚಿಪ್ಸ್ ತಿಂದು ಮುಗಿಸಿದವರು ಖಾಲಿ ಪೊಟ್ಟಣವನ್ನು ನಾಲ್ಕು ಮಡಿಕೆ ಮಾಡಿ, ಅತ್ತಿತ್ತ ಕಣ್ಣು ಹಾಯಿಸಿ, ಕಲ್ಲಿನ ಸಂದಿಗೆ ತುರುಕಿ ಹೋಗುತ್ತಾರೆ. ನಾಚಿಕೆ ಇಲ್ಲದವರು ಹೀಗೆ ಮಡಿಚುವುದಿಲ್ಲ. ಇರುವ ನಾಚಿಕೆ ಕಸವನ್ನು ಬಚ್ಚಿಡುವುದಕ್ಕೆ ಖರ್ಚಾಗುತ್ತದೆ, ಅಷ್ಟೆ. ಪರಿಸರ ಸಂಘಟನೆಗಳಲ್ಲಿ ಸಕ್ರಿಯರಾಗಿರುವವರನ್ನು ಸಂದರ್ಶಿಸಿ ಪ್ರವಾಸೋದ್ಯಮ ಸಂಶೋಧಕರಾದ ಯುವಾನ್ ಮತ್ತು ಡೊಲ್ನಿಚಾರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಾಣುತ್ತದೆ: ತಮ್ಮ ಪ್ರವಾಸದಿಂದ ಪರಿಸರಕ್ಕೆ ಹಾನಿಯಿದೆ ಎಂಬ ಮಾತು ಬಂದಾಗ ಅವರು ಪ್ರವಾಸದ ರೀತಿಯನ್ನು ಬದಲಿಸುವ ಬದಲು ಸಮಜಾಯಿಷಿಗಳನ್ನು ಹುಡುಕಿಕೊಂಡಿದ್ದರು.

ಆಕ್ರೋಶದ ಫಲಕಗಳು ಇನ್ನೂ ಅಪಾಯಕಾರಿ. ಅಮೆರಿಕದ ಅರಿಜೋನಾದಲ್ಲಿ ಶಿಲೀಭೂತ, ಅಂದರೆ ಕಲ್ಲಾಗಿ ಮಾರ್ಪಟ್ಟ, ಮರಗಳ ರಾಷ್ಟ್ರೀಯ ಉದ್ಯಾನವಿದೆ. ಹಿಂದಿನ ಅನೇಕ ಸಂದರ್ಶಕರು ತುಣುಕುಗಳನ್ನು ಒಯ್ದು ಕಾಡನ್ನು ಹಾಳುಮಾಡಿದ್ದಾರೆ ಎಂದು ಅಲ್ಲಿ ಬರೆದು ಹಾಕಿದಾಗ, ಗುರುತು ಮಾಡಿಟ್ಟಿದ್ದ ತುಣುಕುಗಳಲ್ಲಿ ಸುಮಾರು ಶೇ. 8ರಷ್ಟು ಕಳವಾದವು, ದಯವಿಟ್ಟು ಒಯ್ಯಬೇಡಿ ಎಂದಷ್ಟೇ ಬರೆದಾಗ ಶೇ. 2ಕ್ಕಿಂತ ಕಡಿಮೆ. ಎಲ್ಲರೂ ಒಯ್ಯುತ್ತಾರೆ ಎಂಬ ಮಾಹಿತಿಯನ್ನು ಫಲಕವೇ ಪುಕ್ಕಟೆಯಾಗಿ ಒದಗಿಸಿತ್ತು.

ವಿಸ್ಮಯದ ವಿಷಯ ಬೇರೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎತ್ತರದ ನೀಲಗಿರಿ ಮರಗಳನ್ನು ಒಂದು ನಿಮಿಷ ತಲೆಯೆತ್ತಿ ನೋಡಿದವರು, ಅಷ್ಟೇ ಹೊತ್ತು ಕಟ್ಟಡವನ್ನು ನೋಡಿದವರಿಗಿಂತ, ಅಪರಿಚಿತರ ಕೈಯಿಂದ ಬಿದ್ದ ಪೆನ್ನುಗಳನ್ನು ಎತ್ತಿಕೊಡಲು ಹೆಚ್ಚು ಮುಂದಾದರು. ಆದರೆ ಈ ಭಾವ ಬಹಳ ಹೊತ್ತು ಉಳಿಯುವುದೆಂದು ನನಗನ್ನಿಸುವುದಿಲ್ಲ. ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರದ ಶಿಖರದಲ್ಲಿ ಮೌನವಾಗಿ ನಿಂತಿದ್ದವರೇ ವಾಹನ ನಿಲ್ಲಿಸುವ ಜಾಗಕ್ಕೆ ಬರುವಷ್ಟರಲ್ಲಿ ಮಾಮೂಲಿ ಮನುಷ್ಯರಾಗಿರುತ್ತಾರೆ.

ನನ್ನ ಹೆಚ್ಚಿನ ನಂಬಿಕೆ ಇರುವುದು ಸಂತೋಷದ ಮೇಲೆ, ಅದರಲ್ಲೂ ಮಕ್ಕಳ ಸಂತೋಷದ ಮೇಲೆ. ಸ್ಲೊವೇನಿಯದ ಹೋಟೆಲೊಂದರಲ್ಲಿ ಕುಟುಂಬಗಳಿಗೆ ಪುಟ್ಟ ಪುಸ್ತಕ ಕೊಟ್ಟು, ತಟ್ಟೆಯಲ್ಲಿ ಏನನ್ನೂ ಬಿಡದ ದಿನ ಅದಕ್ಕೊಂದು ಮುದ್ರೆ ಒತ್ತಿ, ಎಲ್ಲ ಮುದ್ರೆಗಳನ್ನು ಗಳಿಸಿದ ಮಗುವಿಗೆ ಸಣ್ಣ ಉಡುಗೊರೆ ಕೊಡುವ ಏರ್ಪಾಡು ಮಾಡಿದಾಗ, ತಟ್ಟೆಯಲ್ಲಿ ಉಳಿದು ವ್ಯರ್ಥವಾಗುವ ಆಹಾರ ಶೇ. 34ರಷ್ಟು ಇಳಿಯಿತು. ಪರಿಸರದ ಬಗ್ಗೆ ಉಪದೇಶ ಮಾಡುವ ಅಗತ್ಯವೇ ಬೀಳಲಿಲ್ಲ. ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳು ಇದನ್ನು ನಾಳೆಯೇ ಆರಂಭಿಸಬಹುದು. ಒಂದು ರಬ್ಬರ್ ಸ್ಟಾಂಪು ಸಾಕು. ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ಪಲಾವು ಮಕ್ಕಳ ಹೆಸರನ್ನು ಇನ್ನೊಂದು ರೀತಿಯಲ್ಲಿ ಬಳಸಿಕೊಂಡಿದೆ: 2017ರ ಡಿಸೆಂಬರಿನಿಂದ ಅಲ್ಲಿಗೆ ಬರುವವರು ದ್ವೀಪಗಳನ್ನು ಕಾಪಾಡುತ್ತೇವೆಂದು ಅಲ್ಲಿನ ಮಕ್ಕಳನ್ನು ಉದ್ದೇಶಿಸಿ ಬರೆದ ಪ್ರತಿಜ್ಞೆಗೆ ತಮ್ಮ ಪಾಸ್‌ಪೋರ್ಟಿನಲ್ಲೇ ಸಹಿ ಹಾಕುತ್ತಾರೆ.

ಆದರೆ ಜೀಪಿನಲ್ಲಿ ಬಂದು ಎರಡು ಗಂಟೆಯಲ್ಲಿ ಹಿಂದಿರುಗುವ ಗುಂಪಿನಲ್ಲಿ ಯಾವ ಭಾವನೆಯನ್ನೂ ಬೆಳೆಸಲು ಸಮಯವಿರುವುದಿಲ್ಲ. ಅಂಥವರಿಗೆ ನೀಲಗಿರಿ ಜಿಲ್ಲೆಯ ಕ್ರಮವೇ ಸರಿ: ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಲ್ಲಿ 2022ರಿಂದ ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚಾಗಿ ಪಡೆದು, ಖಾಲಿ ಬಾಟಲಿ ಮರಳಿಸಿದಾಗ ಹಿಂದಿರುಗಿಸುತ್ತಾರೆ.