14 ಅಡಿ ದೋಣಿಗೆ ಏನು ಬೇಕು, ಏನು ಬೇಡ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಚಿಕ್ಕ ಅಲ್ಯೂಮಿನಿಯಂ ದೋಣಿಯ ಬಗ್ಗೆಯೇ ಇವೆ. ಅದಕ್ಕೆ ಕಾರಣವೂ ಇದೆ. ನಾನಿರುವ ಮಿನ್ನೆಸೋಟಾದಲ್ಲಿ 10 ಎಕರೆ ಮೇಲ್ಪಟ್ಟ ಕೆರೆಗಳೇ 11,842 ಇವೆ. ಏಪ್ರಿಲ್‌ನಲ್ಲಿ ಐಸ್ ಕರಗುತ್ತದೆ. ಮೇ ತಿಂಗಳ ಮಧ್ಯದಲ್ಲಿ ಒಂದು ಶನಿವಾರ ವಾಲ್‌ಐ ಮೀನಿನ ಸೀಸನ್ ಶುರುವಾಗುತ್ತದೆ. ಅಷ್ಟರೊಳಗೆ ದೋಣಿ ರೆಡಿ ಆಗಬೇಕು ಎನ್ನುವ ಆತುರ ಎಲ್ಲರಿಗೂ ಇರುತ್ತದೆ.

ಪ್ರಶ್ನೆ: ಸರ್, ನಾನು ಹಾಸನ ಕಡೆಯವನು, ಈಗ ಮಿನ್ನೆಸೋಟಾದ ಈಗನ್ ಊರಿನಲ್ಲಿದ್ದೇನೆ. 14 ಅಡಿಯ ಹಳೇ ಅಲ್ಯುಮಾಕ್ರಾಫ್ಟ್ ದೋಣಿಯನ್ನು ಟ್ರೈಲರ್ ಸಮೇತ ಕೊಂಡೆ. ಒಳಗೆ ಮೂರು ಬೆಂಚ್ ಬಿಟ್ಟರೆ ಏನೂ ಇಲ್ಲ. ಮುಂದೆ ನಿಂತು ಗಾಳ ಎಸೆಯಲು ಮರದ ಡೆಕ್, ಅದರ ಮೇಲೆ ಕಾರ್ಪೆಟ್, ತಿರುಗುವ ಎರಡು ಸೀಟು ಹಾಕಬೇಕು. ನಡುವಿನ ಬೆಂಚ್ ಕತ್ತರಿಸಿ ಗಾಳದ ರಾಡ್ ಇಡುವ ಪೆಟ್ಟಿಗೆ ಮಾಡಬೇಕು. ರಾಸಾಯನಿಕ ಹಾಕಿದ ಟ್ರೀಟೆಡ್ ಪ್ಲೈವುಡ್ ಹಾಕಿದರೆ ಕೊಳೆಯಲ್ಲ ಅಂತ ಅಂಗಡಿಯಲ್ಲಿ ಹೇಳಿದರು. ನನ್ನ ಪ್ಲಾನ್ ಸರಿ ಇದೆಯಾ?

ಪ್ಲೈವುಡ್ ಇನ್ನೂ ಕೊಂಡಿಲ್ಲ ಅಂದುಕೊಳ್ಳುತ್ತೇನೆ. ಕೊಂಡಿದ್ದರೆ ದಯವಿಟ್ಟು ವಾಪಸ್ ಕೊಡಿ. ಅಮೆರಿಕದಲ್ಲಿ ಮನೆಬಳಕೆಯ ಟ್ರೀಟೆಡ್ ಮರಕ್ಕೆ ಆರ್ಸೆನಿಕ್ ಹಾಕುವುದು 2003ರ ಕೊನೆಗೆ ನಿಂತಿತು. ಅದರ ಬದಲು ಬಂದ ರಾಸಾಯನಿಕಗಳಲ್ಲಿ ತಾಮ್ರ ಜಾಸ್ತಿ. ತಾಮ್ರ ಮತ್ತು ಅಲ್ಯೂಮಿನಿಯಂ ನಡುವೆ ನೀರು ಸೇರಿದರೆ ಬ್ಯಾಟರಿಯಲ್ಲಿ ನಡೆಯುವ ಕ್ರಿಯೆಯೇ ಅಲ್ಲೂ ನಡೆಯುತ್ತದೆ. ಸವೆಯುವುದು ಅಲ್ಯೂಮಿನಿಯಂ. ಮೊದಲು ಬಿಳಿ ಪುಡಿ ಕಾಣಿಸುತ್ತದೆ, ಆಮೇಲೆ ಸಣ್ಣ ಗುಳಿ, ಕೊನೆಗೆ ತೂತು. ಮೇಲೆ ಕಾರ್ಪೆಟ್ ಹಾಕಿದರೆ ಮರ ಒಣಗುವುದೇ ಇಲ್ಲ, ಒಳಗೆ ಏನಾಗುತ್ತಿದೆ ಎಂದು ಕಾಣುವುದೂ ಇಲ್ಲ. ಮರ ಚೆನ್ನಾಗಿಯೇ ಇರುತ್ತದೆ, ಹಾಳಾಗುವುದು ದೋಣಿ. ಅಂಗಡಿಯವರು ಹೇಳಿದ್ದು ಮನೆ ಹಿಂದಿನ ಡೆಕ್‌ಗೆ ಸರಿ. ನಿಮ್ಮ ದೋಣಿಗೆ ಖಂಡಿತ ಬೇಡ.

ಮರವೇ ಬೇಕು ಅಂದರೆ ಟ್ರೀಟ್ ಮಾಡದ, ಹೊರಾಂಗಣಕ್ಕೆ ಆಗುವ ಅರ್ಧ ಇಂಚಿನ ಪ್ಲೈವುಡ್ ತನ್ನಿ. ಎರಡೂ ಮುಖಕ್ಕೆ, ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೆ, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಹಚ್ಚಿ. ನೀರು ಒಳಗೆ ಹೋಗುವುದು ಅಂಚಿನಿಂದಲೇ. ಮೊದಲು ತೂತು ಕೊರೆಯಿರಿ, ಆ ತೂತಿನ ಒಳಗೂ ಹಚ್ಚಿ, ಆಮೇಲೆ ಸ್ಕ್ರೂ ಹಾಕಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್‌ದೇ ಇರಲಿ, ಹಿತ್ತಾಳೆ ಬೇಡ. ಕೆಳಗಿನ ಚೌಕಟ್ಟಿಗೆ ಅಲ್ಯೂಮಿನಿಯಂ ಆಂಗಲ್ ಬಳಸಿ. ಅದನ್ನು ಬೆಂಚ್‌ಗಳಿಗೆ ಜೋಡಿಸಿ. ದೋಣಿಯ ತಳಕ್ಕೆ ಮಾತ್ರ ಒಂದು ತೂತೂ ಕೊರೆಯಬೇಡಿ. ಕಾರ್ಪೆಟ್ ಬದಲು ಎತ್ತಿ ತೆಗೆಯಲು ಬರುವ ರಬ್ಬರ್ ಮ್ಯಾಟ್ ಹಾಸಿ. ಅಲ್ಯೂಮಿನಿಯಂ ದೋಣಿಯಲ್ಲಿ ಒಂದು ಇಕ್ಕಳ ಬಿದ್ದರೂ ಸದ್ದು ನೀರಿನೊಳಗೆ ಹೋಗುತ್ತದೆ, ಮೀನು ಚದುರುತ್ತದೆ. ಮ್ಯಾಟ್ ಆ ಸದ್ದನ್ನೂ ತಡೆಯುತ್ತದೆ. ಸಂಜೆ ಮನೆಗೆ ಬಂದ ಮೇಲೆ ಎತ್ತಿ ಒಣಹಾಕಬಹುದು.

ಇದಕ್ಕಿಂತ ದೊಡ್ಡ ವಿಷಯ ಡೆಕ್‌ನ ಎತ್ತರ. ನಾನು ಶರಾವತಿ ಹಿನ್ನೀರಿನ ಪಕ್ಕ ಬೆಳೆದವನು. ಹೊಳೆಬಾಗಿಲಿನ ಲಾಂಚ್‌ನಲ್ಲಿ ಜನ ಒಂದೇ ಕಡೆ ಗುಂಪಾದರೆ ಸಿಬ್ಬಂದಿ ಕೂಗುತ್ತಿದ್ದರು. ಅಷ್ಟು ದೊಡ್ಡ ಲಾಂಚ್‌ಗೇ ಭಾರ ಎಲ್ಲಿದೆ ಅನ್ನುವುದು ಮುಖ್ಯ. ನಿಮ್ಮದು ಐದಡಿ ಅಗಲದ, ವಿ ಆಕಾರದ ತಳದ ದೋಣಿ. ಬೆಂಚಿನ ಮಟ್ಟಕ್ಕೆ ಡೆಕ್ ಕಟ್ಟಿ ಅದರ ಮೇಲೆ ನಿಂತರೆ ನಿಮ್ಮ ಸೊಂಟ ದೋಣಿಯ ಅಂಚಿಗಿಂತ ತುಂಬಾ ಮೇಲೆ ಹೋಗುತ್ತದೆ. ಪಕ್ಕದಿಂದ ಒಂದು ಅಲೆ ಬಂದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಹಾಗಾಗಿ ಡೆಕ್ ಎಷ್ಟು ತಗ್ಗಿದ್ದರೆ ಅಷ್ಟು ಒಳ್ಳೆಯದು. ಮೊದಲ ಮತ್ತು ನಡುವಿನ ಬೆಂಚ್ ಮಧ್ಯೆ ಕಾಲಿಡಲು ಸಮತಟ್ಟಾದ ನೆಲ ಮಾಡಿಕೊಳ್ಳಿ, ಸಾಕು. ಕುಳಿತೇ ಗಾಳ ಎಸೆಯುವುದು ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ.

ಹಿಂಬದಿಯಲ್ಲಿ ಒಂದು ಸಣ್ಣ ಲೋಹದ ತಗಡು ಅಂಟಿಸಿರುತ್ತಾರೆ. ಎಷ್ಟು ಜನ, ಎಷ್ಟು ತೂಕ, ಎಷ್ಟು ಹಾರ್ಸ್‌ಪವರ್ ಎಂದು ಅದರಲ್ಲಿರುತ್ತದೆ. ಅದು ಕಿತ್ತುಹೋಗಿದ್ದರೆ ಒಂದು ಸರಳ ಲೆಕ್ಕವಿದೆ. ಉದ್ದವನ್ನು ಅಗಲದಿಂದ ಗುಣಿಸಿ 15ರಿಂದ ಭಾಗಿಸಿ, ಎರಡೂ ಅಡಿಯಲ್ಲಿರಲಿ. 14 ಗುಣಿಸು 5 ಅಂದರೆ 70. 15ರಿಂದ ಭಾಗಿಸಿದರೆ ನಾಲ್ಕೂವರೆ ಮೇಲೆ. ಅಂದರೆ ನಾಲ್ಕು ಜನ, ಅದೂ ಒಬ್ಬೊಬ್ಬರು 68 ಕಿಲೋ ಲೆಕ್ಕದಲ್ಲಿ, ಕೆರೆ ಶಾಂತವಾಗಿರುವಾಗ. ಮುಕ್ಕಾಲು ಇಂಚಿನ ಒಂದು ಫುಲ್ ಶೀಟ್ ಪ್ಲೈವುಡ್ ಒಣಗಿದ್ದಾಗಲೇ ಸುಮಾರು 30 ಕಿಲೋ ತೂಗುತ್ತದೆ. ಎರಡು ಶೀಟ್ ಹಾಕಿದರೆ ಒಬ್ಬ ಮನುಷ್ಯನ ಜಾಗ ಹೋಯಿತು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಮೊದಲ ಬೇಸಿಗೆ ದೋಣಿ ಹೇಗಿದೆಯೋ ಹಾಗೇ ಓಡಿಸಿ. ಯಾವುದು ಕೈಗೆ ಸಿಗುತ್ತಿಲ್ಲ, ಎಲ್ಲಿ ಕಾಲು ಜಾರುತ್ತದೆ ಎಂದು ಆಮೇಲೆ ನಿಮಗೇ ಗೊತ್ತಾಗುತ್ತದೆ. ಆಗ ಸೇರಿಸಿ.

ನಡುವಿನ ಬೆಂಚ್ ಕತ್ತರಿಸುವ ಯೋಚನೆ ದಯವಿಟ್ಟು ಬಿಡಿ. ಎರಡು ಪಕ್ಕದ ತಗಡನ್ನು ಬಾಗದಂತೆ ಹಿಡಿದಿಟ್ಟಿರುವುದೇ ಆ ಬೆಂಚ್. ಅದರೊಳಗೆ ಫೋಮ್ ಇದೆ. ನೀರು ತುಂಬಿದರೂ ದೋಣಿ ಪೂರ್ತಿ ಮುಳುಗದೆ ತೇಲುವುದು, ನೀವು ಅದನ್ನು ಹಿಡಿದುಕೊಂಡು ಬದುಕುವುದು ಆ ಫೋಮ್‌ನಿಂದ. ಒಂದು ಘನ ಅಡಿ ಫೋಮ್ ಹತ್ತಿರ ಹತ್ತಿರ 27 ಕಿಲೋ ಭಾರವನ್ನು ತೇಲಿಸುತ್ತದೆ. ಹಳೇ ದೋಣಿಯಲ್ಲಿ ಫೋಮ್ ನೀರು ಕುಡಿದು ಭಾರವಾಗಿರಬಹುದು. ಬೆಂಚಿನ ಮೇಲಿನ ತಗಡು ಬಿಚ್ಚಿ ಒತ್ತಿ ನೋಡಿ. ಒದ್ದೆಯಿದ್ದರೆ ತೆಗೆದು ಮನೆ ಕಟ್ಟುವವರು ಬಳಸುವ ಗುಲಾಬಿ ಅಥವಾ ನೀಲಿ ಬಣ್ಣದ ಗಟ್ಟಿ ಫೋಮ್ ಶೀಟ್ ಕತ್ತರಿಸಿ ಅಷ್ಟೇ ಜಾಗ ತುಂಬಿ. ರಾಡ್‌ಗಳಿಗೆ ಪಕ್ಕದ ಗೋಡೆಯ ಒಳಗೆ ಕೊಕ್ಕೆ ಹಾಕಿದರೆ ಆಯಿತು.

ಪ್ರಶ್ನೆ: ದೋಣಿಯ ತಳದಲ್ಲಿ ತಗಡು ಜೋಡಿಸುವ ರಿವಿಟ್ ಮೊಳೆಗಳ ಹತ್ತಿರ ನೀರು ಜಿನುಗುತ್ತದೆ. ಸಿಲಿಕೋನ್ ಹಚ್ಚಿದೆ, ಒಂದು ವಾರಕ್ಕೆ ಎದ್ದುಬಂತು. ಏನು ಮಾಡಲಿ? (ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಷಿಗನ್)

ಸಿಲಿಕೋನ್ ಅಲ್ಲಿ ನಿಲ್ಲುವುದಿಲ್ಲ. ಅದನ್ನು ಪೂರ್ತಿ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಮುಂದೆ ಏನು ಹಚ್ಚಿದರೂ ಹಿಡಿಯುವುದಿಲ್ಲ. ಆಮೇಲೆ ದೋಣಿ ಟ್ರೈಲರ್ ಮೇಲೆ ಇರುವಾಗಲೇ ಒಳಗೆ ಮೂರ್ನಾಲ್ಕು ಇಂಚು ನೀರು ಬಿಡಿ. ಅದಕ್ಕಿಂತ ಜಾಸ್ತಿ ಬೇಡ. ಒಂದು ಘನ ಅಡಿ ನೀರೇ 28 ಕಿಲೋ, ಟ್ರೈಲರ್ ತಡೆಯಬೇಕಲ್ವಾ? ಕೆಳಗೆ ಮಲಗಿ ಹನಿ ಬೀಳುವ ಪ್ರತಿ ರಿವಿಟ್‌ಗೂ ಮಾರ್ಕರ್‌ನಿಂದ ಗುರುತು ಹಾಕಿ. ನೀರು ಖಾಲಿ ಮಾಡಿ, ಒಣಗಿಸಿ. ಒಬ್ಬರು ಹೊರಗಿನಿಂದ ರಿವಿಟ್ ತಲೆಗೆ ಭಾರವಾದ ಕಬ್ಬಿಣದ ತುಂಡು ಒತ್ತಿ ಹಿಡಿಯಲಿ, ಇನ್ನೊಬ್ಬರು ಒಳಗಿನಿಂದ ಸುತ್ತಿಗೆಯಲ್ಲಿ ಹದವಾಗಿ ಬಡಿಯಲಿ. ಸಡಿಲವಾದ ರಿವಿಟ್‌ಗಳು ಎಷ್ಟೋ ಇದರಿಂದಲೇ ಬಿಗಿಯಾಗುತ್ತವೆ. ಆದರೂ ಜಿನುಗಿದರೆ ಒಳಗಿನಿಂದ ದೋಣಿಗೆಂದೇ ಬರುವ ಎಪಾಕ್ಸಿ ಸೀಲರ್ ಹಚ್ಚಿ. ತಲೆಯೇ ಸವೆದುಹೋದ ರಿವಿಟ್ ಬದಲಿಸಲೇಬೇಕು. ಬದಲಿಸುವಾಗ ಗಟ್ಟಿ ರಿವಿಟ್ ಹಾಕಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮಾಮೂಲಿ ಪಾಪ್ ರಿವಿಟ್ ನಡುವೆ ಟೊಳ್ಳು, ನೀರಿನ ಕೆಳಗೆ ಅದು ಆಗುವುದಿಲ್ಲ.

ಪ್ರಶ್ನೆ: ಹಿಂದೆ 15 ಹಾರ್ಸ್‌ಪವರ್ ಪೆಟ್ರೋಲ್ ಎಂಜಿನ್ ಇದೆ. ನಿಧಾನವಾಗಿ ಮೀನು ಹಿಡಿಯಲು ಎಲೆಕ್ಟ್ರಿಕ್ ಮೋಟರ್ ಹಾಕಬೇಕು. 12 ವೋಲ್ಟ್ ಸಾಕಾ? ಬ್ಯಾಟರಿ ಯಾವುದು, ಎಲ್ಲಿಡಲಿ? ಮೀನು ಎಲ್ಲಿದೆ ಎಂದು ತೋರಿಸುವ ಫಿಶ್ ಫೈಂಡರ್‌ಗೂ ಅದೇ ಬ್ಯಾಟರಿ ಆಗುತ್ತಾ? (ಮ್ಯಾಡಿಸನ್, ವಿಸ್ಕಾನ್ಸಿನ್)

12 ವೋಲ್ಟ್ ಧಾರಾಳ ಸಾಕು. ಈ ಮೋಟರ್‌ಗಳ ಶಕ್ತಿಯನ್ನು ಪೌಂಡ್ ಥ್ರಸ್ಟ್, ಅಂದರೆ ತಳ್ಳುವ ಬಲ, ಎಂದು ಅಳೆಯುತ್ತಾರೆ. ಜನ, ಎಂಜಿನ್, ಸಾಮಾನು ಎಲ್ಲ ಸೇರಿ ಪ್ರತಿ 100 ಪೌಂಡ್ ತೂಕಕ್ಕೆ ಕನಿಷ್ಠ 2 ಪೌಂಡ್ ಥ್ರಸ್ಟ್ ಬೇಕು. ನಿಮ್ಮದು ಎಲ್ಲ ಸೇರಿ ಸಾವಿರ ಪೌಂಡ್ ಅಂದುಕೊಂಡರೆ 20 ಬೇಕು. ಆದರೆ ಅದು ಗಾಳಿ ಇಲ್ಲದಾಗಿನ ಲೆಕ್ಕ. ಹಗುರ ದೋಣಿಯನ್ನು ಗಾಳಿ ಸುಲಭವಾಗಿ ತಳ್ಳುತ್ತದೆ, ಹಾಗಾಗಿ ದುಪ್ಪಟ್ಟು ಇಟ್ಟುಕೊಳ್ಳಿ. 45 ಅಥವಾ 55 ಪೌಂಡ್‌ದು ಸರಿಹೋಗುತ್ತದೆ. ಅಂದಹಾಗೆ, ಈ ಮೋಟರ್‌ಗೆ ಹೆಸರಾದ ಮಿನ್ ಕೋಟಾ ಕಂಪನಿ 1934ರಲ್ಲಿ ಶುರುವಾದದ್ದು ಇಲ್ಲೇ ಪಕ್ಕದ ಫಾರ್ಗೋದಲ್ಲಿ, ಮಿನ್ನೆಸೋಟಾ ಮತ್ತು ನಾರ್ತ್ ಡಕೋಟಾದ ಗಡಿಯಲ್ಲಿ.

55 ಪೌಂಡ್ ಮೋಟರ್ ಫುಲ್ ಸ್ಪೀಡ್‌ನಲ್ಲಿ 50 ಆಂಪಿಯರ್ ಆಸುಪಾಸು ಎಳೆಯುತ್ತದೆ. 100 ಆಂಪಿಯರ್ ಅವರ್‌ನ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಅಂದರೆ ಫುಲ್ ಸ್ಪೀಡ್‌ನಲ್ಲಿ ಒಂದು ಗಂಟೆ ಅಷ್ಟೇ. ನಿಧಾನಕ್ಕೆ ಓಡಿಸಿದರೆ ಇಡೀ ಬೆಳಗ್ಗೆ ಬರುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ದುಡ್ಡು ಜಾಸ್ತಿ, ಆದರೆ ಅದರ ಚಾರ್ಜ್ ಬಹುಪಾಲು ಬಳಸಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ. ಚಿಕ್ಕ ದೋಣಿಯಲ್ಲಿ ಎಲ್ಲಾದರೂ ಜಾಸ್ತಿ ಖರ್ಚು ಮಾಡುವುದಿದ್ದರೆ ಇದಕ್ಕೇ ಮಾಡಿ ಎನ್ನುತ್ತೇನೆ. ಒಂದು ಎಚ್ಚರ: ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ನಮ್ಮ ಚಳಿಗಾಲದಲ್ಲಿ ಗ್ಯಾರೇಜ್‌ನಲ್ಲಿ ಬಿಡದೆ ಮನೆಯೊಳಗೆ ತನ್ನಿ.

ಇಡುವ ಜಾಗ ಮುಂದಿನ ಬೆಂಚಿನ ಹತ್ತಿರ. ಎಂಜಿನ್, ಪೆಟ್ರೋಲ್ ಟ್ಯಾಂಕ್, ಓಡಿಸುವ ನೀವು, ಎಲ್ಲ ಭಾರ ಹಿಂದೆಯೇ ಇರುತ್ತದೆ. ಬ್ಯಾಟರಿಯೂ ಹಿಂದೆ ಹೋದರೆ ದೋಣಿಯ ಮೂತಿ ಎದ್ದು ಮುಂದಿನದು ಕಾಣುವುದಿಲ್ಲ. ಅದನ್ನು ಪೆಟ್ಟಿಗೆಯಲ್ಲಿಟ್ಟು ಪಟ್ಟಿಯಿಂದ ಬಿಗಿಯಿರಿ. 6 ಗೇಜ್ ದಪ್ಪದ ವೈರ್ ಎಳೆಯಿರಿ. ಬ್ಯಾಟರಿಯ ಪಕ್ಕದಲ್ಲೇ 60 ಆಂಪಿಯರ್ ಬ್ರೇಕರ್ ಹಾಕಿ. ವೈರ್‌ನ ಯಾವ ತುದಿಯೂ ದೋಣಿಯ ಮೈಗೆ ತಾಗಬಾರದು. ಕಾರಿನಲ್ಲಿ ಮಾಡುವಂತೆ ದೋಣಿಯ ಮೈಗೇ ಅರ್ತ್ ಕೊಟ್ಟರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ.

ಫಿಶ್ ಫೈಂಡರ್‌ಗೆ ಬೇರೆ ಚಿಕ್ಕ 12 ವೋಲ್ಟ್ ಬ್ಯಾಟರಿ ಇಡಿ, ಇಲ್ಲದಿದ್ದರೆ ಮೋಟರ್ ಹಾಕಿದಾಗ ಪರದೆಯ ಮೇಲೆ ಗೆರೆಗಳು ಬರಬಹುದು. ಅದರ ಸೆನ್ಸರ್ ಅನ್ನು ಹಿಂಬದಿಗೆ ನೇರ ಸ್ಕ್ರೂ ಮಾಡಬೇಡಿ. ಅಡುಗೆಮನೆಯ ಬಿಳಿ ಪ್ಲಾಸ್ಟಿಕ್ ಕಟಿಂಗ್ ಬೋರ್ಡ್‌ನ ಒಂದು ತುಂಡು ಕತ್ತರಿಸಿ, ಅದನ್ನು ಮೊದಲು ಸೀಲೆಂಟ್ ಹಚ್ಚಿ ಕೂರಿಸಿ, ಸೆನ್ಸರ್ ಅನ್ನು ಆ ತುಂಡಿಗೆ ಹಾಕಿ. ಮೇಲೆ ಕೆಳಗೆ ಮಾಡಿ ಸರಿಯಾದ ಜಾಗ ಹುಡುಕುವಾಗ ತೂತು ಬೀಳುವುದು ಪ್ಲಾಸ್ಟಿಕ್‌ಗೆ, ದೋಣಿಗಲ್ಲ.

ಪ್ರಶ್ನೆ: ಅಮ್ಮ ಕುಂದಾಪುರದಿಂದ ಮೇ ಕೊನೆಗೆ ಬರುತ್ತಿದ್ದಾರೆ. 68 ವಯಸ್ಸು. ದೋಣಿಯಲ್ಲಿ ಮೀನು ಹಿಡಿಯಬೇಕು ಅಂತ ಅವರಿಗೇ ಆಸೆ. ಕರೆದುಕೊಂಡು ಹೋಗಬಹುದಾ? ಅವರಿಗಾಗಿ ಏನು ತರಲಿ? (ಸೇಂಟ್ ಕ್ಲೌಡ್, ಮಿನ್ನೆಸೋಟಾ)

ಖಂಡಿತ ಕರೆದುಕೊಂಡು ಹೋಗಿ. ಈ ಪತ್ರ ಓದಿ ನನಗೆ ತುಂಬಾ ಖುಷಿಯಾಯಿತು. ಮೊದಲು ತರಬೇಕಾದದ್ದು ಅವರ ಅಳತೆಯ ಲೈಫ್ ಜಾಕೆಟ್. ದೋಣಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಇರಲೇಬೇಕು ಎನ್ನುವುದು ಕಾನೂನು. ಆದರೆ ಸೀಟಿನ ಕೆಳಗೆ ಇಟ್ಟರೆ ಪ್ರಯೋಜನವಿಲ್ಲ, ಮೈಮೇಲೆ ಇರಬೇಕು. ಮೇ ತಿಂಗಳಲ್ಲಿ ಬಿಸಿಲು ಚೆನ್ನಾಗಿದ್ದರೂ ಇಲ್ಲಿನ ನೀರು ಇನ್ನೂ ತಣ್ಣಗಿರುತ್ತದೆ. ಅದರಲ್ಲಿ ಬಿದ್ದವರಿಗೆ ಮೊದಲ ನಿಮಿಷದಲ್ಲೇ ಉಸಿರು ಕಟ್ಟಿದಂತಾಗುತ್ತದೆ. ಎಷ್ಟೇ ಚೆನ್ನಾಗಿ ಈಜು ಬಂದರೂ ಆಗ ಕೈಕಾಲು ಮಾತು ಕೇಳುವುದಿಲ್ಲ. ಜಾಕೆಟ್ ಅಂಗಡಿಯಲ್ಲೇ ಹಾಕಿಸಿ, ಭುಜ ಹಿಡಿದು ಮೇಲೆತ್ತಿ ನೋಡಿ. ಗಲ್ಲದವರೆಗೆ ಎದ್ದು ಬಂದರೆ ದೊಡ್ಡದಾಯಿತು.

ಸೀರೆ ಬೇಡ ಎಂದು ಅಮ್ಮನಿಗೆ ಮೊದಲೇ ಹೇಳಿ. ಆರು ಗಜ ಬಟ್ಟೆ ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಹತ್ತಿ ಇಳಿಯುವಾಗಲೂ ಸಿಕ್ಕಿಕೊಳ್ಳುತ್ತದೆ. ಚೂಡಿದಾರ್, ಮೇಲೊಂದು ಸ್ವೆಟರ್, ಜಾರದ ಶೂ ಇರಲಿ. ಹತ್ತುವಾಗ ದೋಣಿಯ ನಡುಮಧ್ಯಕ್ಕೆ ಕಾಲಿಡಬೇಕು, ಅಂಚಿಗಲ್ಲ. ನೀವು ಮೊದಲು ಒಳಗೆ ಕುಳಿತು ಕೈಕೊಡಿ. ಅವರ ಜಾಗ ನಡುವಿನ ಬೆಂಚ್, ಅಲ್ಲಿ ಕುಲುಕಾಟ ಕಡಿಮೆ. ಬೆಂಚಿಗೆ ಪಟ್ಟಿಯಿಂದ ಕಟ್ಟುವ, ಬೆನ್ನಿಗೆ ಆಸರೆ ಇರುವ ಮಡಚುವ ಸೀಟು ಸಿಗುತ್ತದೆ. ತೂತು ಕೊರೆಯುವ ಕೆಲಸವೇ ಇಲ್ಲ. ಅದೊಂದನ್ನು ಖಂಡಿತ ಕೊಂಡುಕೊಳ್ಳಿ.

ಅಮ್ಮ ಗಾಳ ಹಿಡಿಯುವುದಾದರೆ ಅವರಿಗೂ ಲೈಸೆನ್ಸ್ ಬೇಕು. ಹೊರಗಿನವರಿಗೆ 24 ಗಂಟೆಯದೂ ಸಿಗುತ್ತದೆ. ವಾಲ್‌ಐ ಹಿಂದೆ ಹೋಗಬೇಡಿ. ದಡದ ಜೊಂಡಿನ ಹತ್ತಿರ ಲಂಗರು ಹಾಕಿ, ಚಿಕ್ಕ ಕೊಕ್ಕೆಗೆ ಎರೆಹುಳುವಿನ ತುಂಡು ಸಿಕ್ಕಿಸಿ, ತೇಲುವ ಬೆಂಡು ಕಟ್ಟಿ ಕೊಡಿ. ಸನ್‌ಫಿಶ್ ಬೇಗ ಕಚ್ಚುತ್ತದೆ. ಅಂಗೈ ಅಗಲದ ಮೀನು, ಮಸಾಲೆ ಸವರಿ ರವೆಯಲ್ಲಿ ಹೊರಳಿಸಿ ತವಾ ಫ್ರೈ ಮಾಡಲು ಬಹಳ ಚೆನ್ನಾಗಿರುತ್ತದೆ.

ಲಂಗರಿನ ಹಗ್ಗ ಮಾತ್ರ ಯಾವಾಗಲೂ ಮುಂದಿನ ಮೂತಿಗೇ ಕಟ್ಟಿ. ಎಂಜಿನ್ ಭಾರಕ್ಕೆ ದೋಣಿಯ ಹಿಂಬದಿ ಮೊದಲೇ ತಗ್ಗಿರುತ್ತದೆ. ಹಿಂದೆ ಕಟ್ಟಿದರೆ ಅಲೆ ಅಲ್ಲಿಂದ ಒಳಗೆ ನುಗ್ಗುತ್ತದೆ. ಚಿಕ್ಕ ದೋಣಿಗೆ ಅದು ಕೆಲವೇ ಕ್ಷಣದ ಮಾತು.

ಪ್ರಶ್ನೆ: ಕೆರೆಯಿಂದ ಹೊರಟಾಗ ತಳದ ಬಿರಡೆ ತೆಗೆದೇ ಗಾಡಿ ಓಡಿಸಬೇಕು ಅಂತ ಒಬ್ಬರು ಗದರಿದರು. ನಿಜವಾ? (ಡುಲೂತ್)

ನಿಜ, ಮಿನ್ನೆಸೋಟಾದಲ್ಲಿ ಅದು ಕಾನೂನು. ಕಾರಣ ಜೀಬ್ರಾ ಮಸಲ್ ಎಂಬ ಉಗುರಿನಷ್ಟು ಚಿಕ್ಕ ಚಿಪ್ಪಿನ ಜೀವಿ. 1988ರಲ್ಲಿ ಗ್ರೇಟ್ ಲೇಕ್ಸ್ ಪ್ರದೇಶದಲ್ಲಿ ಮೊದಲು ಕಂಡಿತು. 2010ರಲ್ಲಿ ಮಿನೆಟೊಂಕಾ ಕೆರೆಗೂ ಬಂತು. ಅದರ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು, ದೋಣಿಯಲ್ಲಿ ಉಳಿದ ಒಂದು ಲೋಟ ನೀರಿನಲ್ಲಿ ಇನ್ನೊಂದು ಕೆರೆಗೆ ಹೋಗಬಲ್ಲದು. ಹೋದ ಮೇಲೆ ತೆಗೆಯಲು ದಾರಿ ಇಲ್ಲ ಎನ್ನಬಹುದು. ಹಾಗಾಗಿ ಬಿರಡೆ ತೆಗೆಯಿರಿ, ನೀರು ಪೂರ್ತಿ ಹರಿದುಹೋಗಲಿ, ಟ್ರೈಲರ್‌ಗೆ ಸಿಕ್ಕಿದ ಜೊಂಡನ್ನು ಕಿತ್ತು ಅಲ್ಲೇ ದಡದ ಮೇಲೆ, ನೀರಿನಿಂದ ದೂರ ಹಾಕಿ. ಬಿಚ್ಚಿದ ಬಿರಡೆಯನ್ನು ಕಾರಿನ ಕೀಗೆ ಸಿಕ್ಕಿಸಿ ಇಡಿ, ಮುಂದಿನ ಸಲ ದೋಣಿ ಇಳಿಸುವ ಮುಂಚೆ ಹಾಕಲು ನೆನಪಾಗುತ್ತದೆ. ಗಾಳಕ್ಕೆಂದು ತಂದು ಉಳಿದ ಮರಿಮೀನು, ಜಿಗಣೆಗಳನ್ನು ಮತ್ತೆ ಬಳಸುವ ಆಸೆ ಇದ್ದರೆ ಡಬ್ಬಿಯ ಕೆರೆನೀರನ್ನು ಅಲ್ಲೇ ಚೆಲ್ಲಿ, ಮನೆಯಿಂದ ತಂದ ನೀರು ತುಂಬಿಸಿ. ನಲ್ಲಿ ನೀರಾದರೆ ಹಿಂದಿನ ದಿನವೇ ಬಕೆಟ್‌ನಲ್ಲಿ ಹಿಡಿದು ತೆರೆದಿಡಿ, ಕ್ಲೋರಿನ್ ಹೋಗಲಿ.